ಪರದೆಯಲ್ಲೊಂದು ತೂತು: ಹಳೆಯ ವರ್ಕ್‌ಸ್ಟೇಷನ್‌ಗಳಲ್ಲಿ ನೇರ ವಿಡಿಯೊ ಕಾಣಿಸಿದ್ದು ಹೇಗೆ

ಆನ್‌ಲೈನ್ ಸಭೆಯಲ್ಲಿ ನಿಮ್ಮ ಪರದೆಯನ್ನು ಎಲ್ಲರಿಗೂ ತೋರಿಸುತ್ತಿದ್ದೀರಿ. ಒಟಿಟಿಯಲ್ಲಿರುವ ಸಿನಿಮಾದ ಒಂದು ತುಣುಕನ್ನೂ ತೋರಿಸೋಣವೆಂದು ಆ ವಿಂಡೊವನ್ನು ಮುಂದಕ್ಕೆ ತರುತ್ತೀರಿ. ನಿಮ್ಮ ಕಣ್ಣಿಗೆ ಚಿತ್ರ ಸೊಗಸಾಗಿ ಓಡುತ್ತಿದೆ. ಆಚೆ ಕಡೆಯವರಿಗೆ ಕಾಣುವುದು ಬರೀ ಕಪ್ಪು ಚೌಕ. ಮೊಬೈಲಿನಲ್ಲಿ ಸ್ಕ್ರೀನ್‌ಶಾಟ್ ತೆಗೆದರೂ ಅದೇ ಕಥೆ. ಬಟನ್‌ಗಳು, ಅಡಿಬರಹ, ಮೇಲಿನ ಗಡಿಯಾರ ಎಲ್ಲವೂ ಬಂದಿರುತ್ತವೆ, ಚಿತ್ರ ಇರಬೇಕಾದ ಜಾಗ ಮಾತ್ರ ಖಾಲಿ.

ಸಿನಿಮಾ ಕಂಪನಿಗಳು ನಕಲು ತಡೆಯಲು ಹಾಕಿರುವ ಬೀಗ ಇದಕ್ಕೆ ಕಾರಣ ಎಂಬುದು ಬಹಳ ಮಂದಿಗೆ ಗೊತ್ತು. ಆದರೆ ಒಂದೇ ಗಾಜಿನ ಮೇಲೆ ಕಾಣುವ ಎರಡು ಸಂಗತಿಗಳಲ್ಲಿ ಒಂದು ಮಾತ್ರ ಸ್ಕ್ರೀನ್‌ಶಾಟಿಗೆ ಸಿಕ್ಕಿ ಇನ್ನೊಂದು ತಪ್ಪಿಸಿಕೊಳ್ಳುವುದಾದರೂ ಹೇಗೆ? ಬೀಗ ಹಾಕುವುದಕ್ಕೆ ಮೊದಲು ಬಾಗಿಲೇ ಬೇರೆಯಾಗಿರಬೇಕಲ್ಲ. ಆ ಬೇರೆ ಬಾಗಿಲು ತೆರೆದದ್ದು 1980ರ ದಶಕದಲ್ಲಿ, ವರ್ಕ್‌ಸ್ಟೇಷನ್ ಎಂಬ ಯಂತ್ರಗಳ ಪರದೆಯ ಮೇಲೆ ಟಿವಿ ಚಿತ್ರವನ್ನು ಒಂದು ವಿಂಡೊದೊಳಗೆ ಕೂರಿಸಲು ಹೊರಟಾಗ. ನಕಲು ತಡೆಯುವುದು ಅದರ ಉದ್ದೇಶವಾಗಿರಲಿಲ್ಲ. ಆ ಯಂತ್ರಗಳಿಗೆ ವಿಡಿಯೊವನ್ನು ಒಳಗೆ ಬಿಟ್ಟುಕೊಳ್ಳುವ ತಾಕತ್ತೇ ಇರಲಿಲ್ಲ, ಅಷ್ಟೆ.

ಯಾವ ಯಂತ್ರಗಳ ಮಾತಿದು

ಆ ಕಾಲದಲ್ಲಿ ಒಂದು ಕಡೆ ಇಡೀ ಕೋಣೆ ತುಂಬುವ, ಹತ್ತಾರು ಜನ ಹಂಚಿಕೊಂಡು ಬಳಸುವ ದೊಡ್ಡ ಕಂಪ್ಯೂಟರ್‌ಗಳಿದ್ದವು. ಇನ್ನೊಂದು ಕಡೆ ಮೇಜಿನ ಮೇಲಿನ ಪುಟ್ಟ ಪಿಸಿಗಳು. ಇವೆರಡರ ನಡುವೆ ಹುಟ್ಟಿದ್ದು ವರ್ಕ್‌ಸ್ಟೇಷನ್. ಒಬ್ಬ ಎಂಜಿನಿಯರ್ ಅಥವಾ ವಿಜ್ಞಾನಿಗೆಂದೇ ಒಂದು ಯಂತ್ರ, ಅದನ್ನು ನಡೆಸಲು ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ, ಬೆನ್ನಿಗೆ ನೆಟ್‌ವರ್ಕ್ ಕೇಬಲ್, ಎದುರಿಗೆ ದೊಡ್ಡ, ಬಹಳ ಸೂಕ್ಷ್ಮವಾದ ಪರದೆ. ಅಮೆರಿಕದಲ್ಲಿ ಅಪೊಲೊ ಕಂಪನಿ 1980ರಲ್ಲಿ, ಸಿಲಿಕಾನ್ ಗ್ರಾಫಿಕ್ಸ್ ಮತ್ತು ಸನ್ ಮೈಕ್ರೊಸಿಸ್ಟಮ್ಸ್ 1981-82ರಲ್ಲಿ ಹುಟ್ಟಿದವು. ಡಿಜಿಟಲ್ ಇಕ್ವಿಪ್‌ಮೆಂಟ್, ಎಚ್‌ಪಿ, ಐಬಿಎಂ ಕೂಡ ಇದೇ ಸಂತೆಗೆ ಇಳಿದವು.

ಇವುಗಳ ಪರದೆಯ ಮೇಲೆ ಒಂದರ ಮೇಲೊಂದು ವಿಂಡೊಗಳನ್ನು ತೆರೆಯಬಹುದಿತ್ತು. ಎಂಐಟಿಯಲ್ಲಿ 1984ರಲ್ಲಿ ಆರಂಭವಾದ ಎಕ್ಸ್ ವಿಂಡೊ ವ್ಯವಸ್ಥೆ, ಅದರಲ್ಲೂ 1987ರಲ್ಲಿ ಬಂದ ಅದರ 11ನೆಯ ಆವೃತ್ತಿ, ಬೇರೆ ಬೇರೆ ಕಂಪನಿಗಳ ವರ್ಕ್‌ಸ್ಟೇಷನ್‌ಗಳಿಗೆಲ್ಲ ಹೊಂದುವಂತಿತ್ತು.

ಮುಂದಿನದೆಲ್ಲ ಅರ್ಥವಾಗಬೇಕಾದರೆ ಫ್ರೇಮ್ ಬಫರ್ ಎಂಬುದೊಂದನ್ನು ತಿಳಿದುಕೊಂಡರೆ ಸಾಕು. ಪರದೆ ಎಂದರೆ ಸಾಲುಸಾಲಾಗಿ ಜೋಡಿಸಿದ ಚುಕ್ಕಿಗಳು, ಅವೇ ಪಿಕ್ಸೆಲ್‌ಗಳು. ಪ್ರತಿ ಚುಕ್ಕಿಯ ಬಣ್ಣ ಏನೆಂಬುದನ್ನು ಬರೆದಿಟ್ಟುಕೊಳ್ಳುವ ಮೆಮೊರಿಯೇ ಫ್ರೇಮ್ ಬಫರ್. ಒಂದು ಸರ್ಕ್ಯೂಟು ಆ ಮೆಮೊರಿಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾ ಪಿಕ್ಚರ್ ಟ್ಯೂಬಿನ ಮೇಲೆ ಚಿತ್ರ ಬಿಡಿಸುತ್ತದೆ. ಮುಗಿದೊಡನೆ ಮತ್ತೆ ಮೊದಲಿನಿಂದ ಶುರು. ಪರದೆಯ ಮೇಲೆ ಏನನ್ನಾದರೂ ಬದಲಿಸಬೇಕೆಂದರೆ ಈ ಮೆಮೊರಿಯಲ್ಲಿ ಬದಲಿಸಿದರಾಯಿತು. ಸ್ಕ್ರೀನ್‌ಶಾಟ್ ಎಂದರೂ ಇದೇ ಮೆಮೊರಿಯ ನಕಲು. ಪರದೆಯ ಗಾಜಿನ ಮೇಲೆ ನಿಜವಾಗಿ ಏನು ಬೆಳಗುತ್ತಿದೆ ಎಂಬುದನ್ನು ಕಂಪ್ಯೂಟರ್ ಎಂದೂ ನೋಡುವುದಿಲ್ಲ.

ಲೆಕ್ಕ ಹಾಕಿ ನೋಡಿದರೆ

ಹಾಗಾದರೆ ಕ್ಯಾಮೆರಾದಿಂದ ಬರುವ ಚಿತ್ರವನ್ನು ಸೆಕೆಂಡಿಗೆ 25 ಸಲ ಆ ಮೆಮೊರಿಗೆ ಬರೆದರೆ ಮುಗಿಯಿತಲ್ಲ? ಇಂದಿನ ಯಂತ್ರಗಳಿಗೆ ಅದಕ್ಕೆ ಬೇಕಾದ ಶಕ್ತಿ ಧಾರಾಳವಾಗಿದೆ. ಅಂದಿನ ಯಂತ್ರಗಳಿಗೆ ಇದು ಏಕೆ ಒಗ್ಗಲಿಲ್ಲ ಎಂಬುದನ್ನು ಒಂದು ಯಂತ್ರವನ್ನೇ ಇಟ್ಟುಕೊಂಡು ನೋಡೋಣ.

1989ರ ಏಪ್ರಿಲ್‌ನಲ್ಲಿ ಸನ್ ಕಂಪನಿ ಸ್ಪಾರ್ಕ್‌ಸ್ಟೇಷನ್ 1 ಎಂಬ ಯಂತ್ರವನ್ನು ಹೊರತಂದಿತು. ಪಿಜ್ಜಾ ಡಬ್ಬದಷ್ಟೇ ಇದ್ದ ಇದರ ಬೆಲೆ ಸುಮಾರು 9,000 ಡಾಲರ್‌ನಿಂದ ಶುರುವಾಗುತ್ತಿತ್ತು. ಪ್ರೊಸೆಸರ್‌ನ ವೇಗ 20 ಮೆಗಾಹರ್ಟ್ಸ್. ಸೆಕೆಂಡಿಗೆ ಸುಮಾರು 1.25 ಕೋಟಿ ಸೂಚನೆಗಳನ್ನು ನಡೆಸುವ ಶಕ್ತಿ. ಆ ಕಾಲಕ್ಕೆ ಅದು ಕಣ್ಣರಳಿಸುವಂಥ ಯಂತ್ರ.

ಈಗ ವಿಡಿಯೊ ಕಡೆ ಬನ್ನಿ. ಅಡ್ಡಕ್ಕೆ 640, ಲಂಬಕ್ಕೆ 480 ಚುಕ್ಕಿಗಳ ಒಂದು ಚಿತ್ರದಲ್ಲಿ 3,07,200 ಚುಕ್ಕಿಗಳಿರುತ್ತವೆ. ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟ್ ಎಂದರೂ ಒಂದು ಚಿತ್ರಕ್ಕೆ 9 ಲಕ್ಷ ಬೈಟ್ ದಾಟುತ್ತದೆ. ಸೆಕೆಂಡಿಗೆ 25 ಚಿತ್ರಗಳಾದರೆ 2.3 ಕೋಟಿ ಬೈಟ್, ಅಂದರೆ 23 ಮೆಗಾಬೈಟ್. ಯಂತ್ರದಲ್ಲಿ 8 ಮೆಗಾಬೈಟ್ ಮೆಮೊರಿ ಇದ್ದರೆ ಅದರ ತುಂಬ ವಿಡಿಯೊ ಸುರಿದರೂ ಹಿಡಿಸುವುದು ಸೆಕೆಂಡಿನ ಮೂರನೆಯ ಒಂದು ಭಾಗ. 100 ಮೆಗಾಬೈಟಿನ ಡಿಸ್ಕ್ ನಾಲ್ಕೂಕಾಲು ಸೆಕೆಂಡಿಗೆ ಭರ್ತಿ. ಕಚೇರಿಯ ಈಥರ್‌ನೆಟ್ ಕೇಬಲ್ ಸೆಕೆಂಡಿಗೆ ಹೊರುತ್ತಿದ್ದುದು ಹೆಚ್ಚೆಂದರೆ ಒಂದೂಕಾಲು ಮೆಗಾಬೈಟ್.

ಇದಕ್ಕಿಂತ ಕಠೋರವಾದ ಲೆಕ್ಕ ಇನ್ನೊಂದಿದೆ. ಸೆಕೆಂಡಿಗೆ ಬರುವ ಚುಕ್ಕಿಗಳು 76 ಲಕ್ಷದ ಮೇಲೆ. ಪ್ರೊಸೆಸರ್ ನಡೆಸುವ ಸೂಚನೆಗಳು 125 ಲಕ್ಷ. ಭಾಗಿಸಿದರೆ ಚುಕ್ಕಿಯೊಂದಕ್ಕೆ ಸಿಗುವುದು ಹೆಚ್ಚುಕಡಿಮೆ ಒಂದೂವರೆ ಸೂಚನೆ. ಒಂದು ಚುಕ್ಕಿಯನ್ನು ಓದುವುದಕ್ಕೆ ಒಂದು ಸೂಚನೆ, ಬರೆಯುವುದಕ್ಕೆ ಇನ್ನೊಂದು ಬೇಕು. ಯಂತ್ರ ಬೇರೆಲ್ಲ ಕೆಲಸ ಬಿಟ್ಟು ಇದೊಂದನ್ನೇ ಮಾಡುತ್ತಾ ಕುಳಿತರೂ ಚುಕ್ಕಿಗಳನ್ನು ಒಂದೊಂದಾಗಿ ಸಾಗಿಸುವ ಕೆಲಸವೂ ಪೂರೈಸುವುದಿಲ್ಲ. ಹಿಗ್ಗಿಸುವುದು, ಕುಗ್ಗಿಸುವುದು, ಬಣ್ಣ ಸರಿಪಡಿಸುವುದು ದೂರದ ಮಾತು.

ಹಾಗಾಗಿ ಆ ಕಾಲದ ಎಂಜಿನಿಯರ್‌ಗಳು ಬೇರೊಂದು ದಾರಿ ಹಿಡಿದರು. ವಿಡಿಯೊವನ್ನು ಪ್ರೊಸೆಸರ್‌ನ ಹತ್ತಿರಕ್ಕೂ ಸುಳಿಯಗೊಡದೆ ನೇರವಾಗಿ ಪರದೆಗೆ ತಲುಪಿಸುವ ದಾರಿ ಅದು.

ಎರಡು ತಾಳ

ಆ ದಾರಿಯಲ್ಲಿ ಮೊದಲ ಅಡ್ಡಿ ಸಮಯದ್ದು. ಪಿಕ್ಚರ್ ಟ್ಯೂಬಿನಲ್ಲಿ ಎಲೆಕ್ಟ್ರಾನ್ ಕಿರಣವೊಂದು ಎಡದಿಂದ ಬಲಕ್ಕೆ ಗೆರೆ ಎಳೆಯುತ್ತಾ, ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಟಿವಿಯೂ ಹಾಗೆಯೇ, ಕಂಪ್ಯೂಟರ್ ಪರದೆಯೂ ಹಾಗೆಯೇ. ಆದರೆ ಎರಡರ ತಾಳ ಬೇರೆ.

ನಮ್ಮ ದೂರದರ್ಶನ ಅನುಸರಿಸಿದ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಅಂದರೆ ಸೆಕೆಂಡಿಗೆ 15,625 ಗೆರೆಗಳು. ಅಮೆರಿಕದಲ್ಲಿ 525 ಗೆರೆ, ಸುಮಾರು 30 ಚಿತ್ರ; ಒಟ್ಟು ಗೆರೆಗಳ ಸಂಖ್ಯೆ ಹತ್ತಿರ ಹತ್ತಿರ ಅಷ್ಟೇ. ಅದರಲ್ಲೂ ಒಂದು ಜಾಣ್ಮೆಯಿತ್ತು: ಮೊದಲು ಬೆಸ ಗೆರೆಗಳನ್ನು ಎಳೆದು, ಆಮೇಲೆ ಸಮ ಗೆರೆಗಳನ್ನು ನಡುನಡುವೆ ತುಂಬುವುದು. ಇದರಿಂದ ಕಡಿಮೆ ಮಾಹಿತಿಯಲ್ಲೇ ಮಿನುಗುವಿಕೆ ಕಡಿಮೆಯಾಗುತ್ತಿತ್ತು.

ಸನ್ ವರ್ಕ್‌ಸ್ಟೇಷನ್ನಿನ ಪರದೆಯಲ್ಲಿ ಅಡ್ಡಕ್ಕೆ 1,152, ಲಂಬಕ್ಕೆ 900 ಚುಕ್ಕಿಗಳು. ಅದನ್ನು ಸೆಕೆಂಡಿಗೆ 66 ಸಲ, ಒಂದು ಗೆರೆಯನ್ನೂ ಬಿಡದೆ ಸಾಲಾಗಿ ಬಿಡಿಸಬೇಕು. ಸೆಕೆಂಡಿಗೆ 61,000ಕ್ಕೂ ಹೆಚ್ಚು ಗೆರೆಗಳಾದವು. ಟಿವಿಯ ನಾಲ್ಕು ಪಟ್ಟು. ಟಿವಿ ಸಂಕೇತವನ್ನು ತಂದು ಈ ಮಾನಿಟರಿಗೆ ಚುಚ್ಚಿದರೆ ಅಡ್ಡಾದಿಡ್ಡಿ ಪಟ್ಟೆಗಳ ಹೊರತು ಏನೂ ಕಾಣುವುದಿಲ್ಲ.

ಇಲ್ಲೊಂದು ತಮಾಷೆಯಿದೆ. 1985ರಲ್ಲಿ ಬಂದ ಅಮಿಗಾ ಎಂಬ ಅಗ್ಗದ ಮನೆ ಕಂಪ್ಯೂಟರ್ ತನ್ನ ಗೆರೆಗಳನ್ನು ಟಿವಿಯ ತಾಳಕ್ಕೇ ಎಳೆಯುತ್ತಿತ್ತು. ಹಾಗಾಗಿ ಸಣ್ಣದೊಂದು ಉಪಕರಣ ಜೋಡಿಸಿದರೆ ಅದರ ಅಕ್ಷರಗಳನ್ನು ಟಿವಿ ಚಿತ್ರದ ಮೇಲೆ ಕೂರಿಸಬಹುದಿತ್ತು. ಮದುವೆ ವಿಡಿಯೊಗಳಿಗೆ ಹೆಸರು ಹಾಕುವವರಿಂದ ಹಿಡಿದು ಟಿವಿ ಕೇಂದ್ರಗಳವರೆಗೆ ಅದನ್ನು ಬಳಸಿದರು. ಅದರ ಹಲವು ಪಟ್ಟು ಬೆಲೆಯ ವರ್ಕ್‌ಸ್ಟೇಷನ್ನಿಗೆ ಇದು ಆಗದೆ ಹೋದದ್ದು ಅದರ ಪರದೆ ತೀರಾ ಚೆನ್ನಾಗಿದ್ದುದರಿಂದ.

ತಾಳ ಸರಿಹೊಂದಿಸುವ ಉಪಾಯ ಬೆಂಗಳೂರಿನ ಯಾವ ಮನೆಯವರಿಗೂ ಹೊಸದಲ್ಲ. ಕಾವೇರಿ ನೀರು ಬರುವುದು ಅದರ ಹೊತ್ತಿಗೆ. ನಮಗೆ ನೀರು ಬೇಕಾಗುವುದು ನಮ್ಮ ಹೊತ್ತಿಗೆ. ನಡುವೆ ಒಂದು ಸಂಪ್ ಕಟ್ಟಿದರೆ ಎರಡಕ್ಕೂ ಜಗಳವಿಲ್ಲ. ಹಾಗೆಯೇ ಟಿವಿ ಚಿತ್ರವನ್ನು ಅದರ ನಿಧಾನಗತಿಯಲ್ಲೇ ಒಂದು ಪ್ರತ್ಯೇಕ ಮೆಮೊರಿಗೆ ತುಂಬಿಸಿ, ಅದೇ ಮೆಮೊರಿಯಿಂದ ವರ್ಕ್‌ಸ್ಟೇಷನ್ನಿನ ಅವಸರದ ಗತಿಯಲ್ಲಿ ಓದಿಕೊಳ್ಳುವುದು. ಸೆಕೆಂಡಿಗೆ 25 ಚಿತ್ರ ಬರುತ್ತಿದ್ದರೂ 66 ಸಲ ಓದುವುದರಿಂದ ಪ್ರತಿ ಚಿತ್ರವೂ ಎರಡು ಅಥವಾ ಮೂರು ಸಲ ಪರದೆಗೆ ಹೋಗುತ್ತದೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಆದರೆ ಸಂಪಿಗೆ ನೀರು ಬೀಳುತ್ತಿರುವಾಗಲೇ ಮೋಟರ್ ಹಾಕಿದರೆ ಕದಡಿದ ನೀರು ಮೇಲೇರುವ ಹಾಗೆ, ಅರ್ಧ ತುಂಬಿದ ಚಿತ್ರವನ್ನು ಓದಿಬಿಟ್ಟರೆ ಪರದೆಯ ಮೇಲರ್ಧದಲ್ಲಿ ಹೊಸ ಚಿತ್ರ, ಕೆಳಗರ್ಧದಲ್ಲಿ ಹಳೆಯ ಚಿತ್ರ ಬಂದು, ಓಡುವ ಮನುಷ್ಯನ ಸೊಂಟದ ಬಳಿ ಒಂದು ಹರಿದ ಗೆರೆ ಕಾಣುತ್ತದೆ. ಅದಕ್ಕೆ ಮದ್ದು ಎರಡು ಸಂಪುಗಳು: ಒಂದು ತುಂಬುತ್ತಿರುವಾಗ ಇನ್ನೊಂದರಿಂದ ಓದುವುದು, ತುಂಬಿದ ಮೇಲೆ ಅದಲುಬದಲು ಮಾಡುವುದು.

ಒಂದು ಇಡೀ ಟಿವಿ ಚಿತ್ರ ಹಿಡಿಸುವ ಮೆಮೊರಿ ಎಂಬುದೇ ಬಹುಕಾಲ ದುಬಾರಿ ಕನಸಾಗಿತ್ತು. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ರಿಚರ್ಡ್ ಶೂಪ್ 1973ರ ಹೊತ್ತಿಗೆ ಅಂಥದೊಂದನ್ನು ಕಟ್ಟಿ ವಿಡಿಯೊ ಚಿತ್ರಗಳನ್ನು ಹಿಡಿದಿಟ್ಟಿದ್ದರು. ಮೆಮೊರಿ ಚಿಪ್‌ಗಳ ಬೆಲೆ ಇಳಿದು ಇದು ಮಾಮೂಲಿ ಸರಕಾಗಲು ಇನ್ನೂ ವರ್ಷಗಳೇ ಹಿಡಿದವು.

1968ರ ತಲೆಕೆಳಗಿನ ಉಪಾಯ

ಮೆಮೊರಿಯೇ ಇಲ್ಲದ ಕಾಲದಲ್ಲಿ ಒಬ್ಬರು ಈ ಸಮಸ್ಯೆಯನ್ನು ಬೇರೆ ತುದಿಯಿಂದ ಬಿಡಿಸಿದ್ದರು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ನೀಡಿದ ಪ್ರಾತ್ಯಕ್ಷಿಕೆಯನ್ನು ಮೌಸ್ ಮೊದಲ ಸಲ ಜನರೆದುರು ಬಂದ ದಿನವೆಂದು ಎಲ್ಲರೂ ನೆನೆಯುತ್ತಾರೆ. ಅಂದು ದೊಡ್ಡ ಪರದೆಯ ಮೇಲೆ ಕಂಪ್ಯೂಟರ್ ಬರಹದ ಪಕ್ಕದಲ್ಲೇ, ಸುಮಾರು 50 ಕಿಲೊಮೀಟರ್ ದೂರದ ಮೆನ್ಲೊ ಪಾರ್ಕ್‌ನಲ್ಲಿ ಕುಳಿತಿದ್ದ ಸಹೋದ್ಯೋಗಿಯ ಮುಖವೂ ಕಂಡಿತ್ತು. ಇಬ್ಬರೂ ಒಂದೇ ಬರಹದ ಮೇಲೆ ಒಟ್ಟಿಗೆ ಕೆಲಸ ಮಾಡಿದರು.

ಅವರು ಟಿವಿ ಚಿತ್ರವನ್ನು ಕಂಪ್ಯೂಟರ್‌ಗೆ ಒಗ್ಗಿಸಲು ಹೋಗಲೇ ಇಲ್ಲ. ಕಂಪ್ಯೂಟರ್ ತನ್ನ ಅಕ್ಷರಗಳನ್ನು ಐದಿಂಚಿನ ಪುಟ್ಟ ಟ್ಯೂಬಿನ ಮೇಲೆ ಬಿಡಿಸುತ್ತಿತ್ತು. ಆ ಟ್ಯೂಬಿನ ಎದುರಿಗೆ ಒಂದು ಟಿವಿ ಕ್ಯಾಮೆರಾ ಇಟ್ಟಿದ್ದರು. ಅಲ್ಲಿಗೆ ಕಂಪ್ಯೂಟರ್ ಪರದೆಯೂ ಒಂದು ಟಿವಿ ಚಿತ್ರವಾಯಿತು. ಟಿವಿ ಸ್ಟುಡಿಯೊದಲ್ಲಿ ಎರಡು ಕ್ಯಾಮೆರಾಗಳ ಚಿತ್ರಗಳನ್ನು ಬೆರೆಸುವ ಉಪಕರಣ ಆಗಲೇ ಇತ್ತು. ನನ್ನ ಮಟ್ಟಿಗೆ ಅಂದಿನ ಪ್ರಾತ್ಯಕ್ಷಿಕೆಯಲ್ಲಿ ಮೌಸ್‌ಗಿಂತ ಚೆಂದದ ಬುದ್ಧಿವಂತಿಕೆ ಇದೇ. ಆದರೆ ಪ್ರತಿ ಪರದೆಗೂ ಒಂದು ಕ್ಯಾಮೆರಾ ಬೇಕಾದ ಈ ಏರ್ಪಾಡು ಕಚೇರಿಗಳಿಗೆ ಹರಡುವಂಥದ್ದಾಗಿರಲಿಲ್ಲ.

ತೂತು ಕೊರೆಯುವ ಕಲೆ

1980ರ ದಶಕದ ಉತ್ತರಾರ್ಧದಲ್ಲಿ ಬಂದ ಪರಿಹಾರ ಹೀಗಿತ್ತು. ವರ್ಕ್‌ಸ್ಟೇಷನ್ನಿನಿಂದ ಮಾನಿಟರಿಗೆ ಹೋಗುವ ಕೇಬಲನ್ನು ಕಿತ್ತು, ನಡುವೆ ಒಂದು ಪೆಟ್ಟಿಗೆ ಕೂರಿಸುವುದು. ಪೆಟ್ಟಿಗೆಗೆ ಒಂದು ಕಡೆಯಿಂದ ವರ್ಕ್‌ಸ್ಟೇಷನ್ನಿನ ಚಿತ್ರ ಬರುತ್ತದೆ, ಇನ್ನೊಂದು ಕಡೆಯಿಂದ ಕ್ಯಾಮೆರಾ ಅಥವಾ ವಿಸಿಆರ್‌ನ ಚಿತ್ರ. ಎರಡನ್ನೂ ಬೆರೆಸಿ ಮಾನಿಟರಿಗೆ ಕಳಿಸುವುದು ಅದರ ಕೆಲಸ. ಕ್ಯಾಲಿಫೋರ್ನಿಯಾದ ಆರ್‌ಜಿಬಿ ಸ್ಪೆಕ್ಟ್ರಮ್‌ನಂಥ ಕಂಪನಿಗಳು ಇಂಥ ಪೆಟ್ಟಿಗೆಗಳನ್ನು ಮಾರಿದವು.

ಎಲ್ಲಿ ಕಂಪ್ಯೂಟರ್ ಚಿತ್ರ, ಎಲ್ಲಿ ಟಿವಿ ಚಿತ್ರ ಎಂಬುದನ್ನು ಪೆಟ್ಟಿಗೆ ತಿಳಿಯುವುದು ಹೇಗೆ? ಇಡೀ ವಿದ್ಯೆಯ ತಿರುಳು ಇಲ್ಲಿದೆ. ವರ್ಕ್‌ಸ್ಟೇಷನ್ನಿನಲ್ಲಿ ಓಡುವ ಒಂದು ಸಣ್ಣ ಪ್ರೋಗ್ರಾಂ ಸಾಮಾನ್ಯ ವಿಂಡೊ ಒಂದನ್ನು ತೆರೆದು, ಅದರ ಒಳಭಾಗವನ್ನೆಲ್ಲ ಒಂದೇ ಗೊತ್ತುಮಾಡಿದ ಬಣ್ಣದಿಂದ ತುಂಬುತ್ತದೆ. ಬೇರೆಲ್ಲೂ ಅಷ್ಟಾಗಿ ಬಳಸದ ಕಡುಗುಲಾಬಿ ಎಂದಿಟ್ಟುಕೊಳ್ಳಿ. ಕಂಪ್ಯೂಟರ್‌ನ ಕೆಲಸ ಅಲ್ಲಿಗೆ ಮುಗಿಯಿತು. ಪೆಟ್ಟಿಗೆ ತನ್ನೊಳಗೆ ಹಾದುಹೋಗುವ ಪ್ರತಿ ಚುಕ್ಕಿಯನ್ನೂ ನೋಡುತ್ತದೆ. ಚುಕ್ಕಿ ಕಡುಗುಲಾಬಿಯೇ? ಹಾಗಾದರೆ ಅದನ್ನು ಬಿಟ್ಟು ಅದರ ಜಾಗಕ್ಕೆ ಟಿವಿ ಚಿತ್ರದ ಚುಕ್ಕಿ. ಅಲ್ಲವೇ? ಇದ್ದದ್ದು ಇದ್ದ ಹಾಗೆ ಮುಂದಕ್ಕೆ. ಸೆಕೆಂಡಿಗೆ 9 ಕೋಟಿಗೂ ಹೆಚ್ಚು ಚುಕ್ಕಿಗಳ ವೇಗದಲ್ಲಿ ಈ ತೀರ್ಮಾನ ನಡೆಯಬೇಕು. ಚುಕ್ಕಿಯೊಂದಕ್ಕೆ ಸಿಗುವ ಕಾಲ 11 ನ್ಯಾನೊಸೆಕೆಂಡ್. ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿದರೆ ಅದರಲ್ಲಿ ಹನ್ನೊಂದು ಚೂರು. ಟಿವಿಯಲ್ಲಿ ಹವಾಮಾನ ಹೇಳುವವರ ಹಿಂದಿನ ಹಸಿರು ಬಟ್ಟೆ ನಕ್ಷೆಯಾಗುವುದೂ ಇದೇ ತಂತ್ರದಿಂದ.

ಈ ಉಪಾಯದ ಅಂದ ಬಳಸುವಾಗ ತಿಳಿಯುತ್ತದೆ. ವಿಡಿಯೊ ವಿಂಡೊದ ಒಂದು ಮೂಲೆಯ ಮೇಲೆ ಬೇರೊಂದು ವಿಂಡೊ ಬಂತೆನ್ನಿ. ಆ ಮೂಲೆಯಲ್ಲಿ ಗುಲಾಬಿ ಬಣ್ಣ ಮುಚ್ಚಿಹೋಗುತ್ತದೆ, ಆದ್ದರಿಂದ ಪೆಟ್ಟಿಗೆ ಅಲ್ಲಿ ವಿಡಿಯೊ ಹಾಕುವುದಿಲ್ಲ. ಯಾವ ವಿಂಡೊ ಮೇಲೆ, ಯಾವುದು ಕೆಳಗೆ ಎಂದು ಪೆಟ್ಟಿಗೆಗೆ ಯಾರೂ ಹೇಳಬೇಕಾಗಿಲ್ಲ. ಮೌಸಿನ ಬಾಣವೂ ವಿಡಿಯೊದ ಮೇಲೆ ತನ್ನಷ್ಟಕ್ಕೆ ತೇಲುತ್ತದೆ. ಪ್ರೊಸೆಸರ್‌ಗೆ ಇಷ್ಟೆಲ್ಲ ನಡೆಯುತ್ತಿರುವ ಸುಳಿವೇ ಇರುವುದಿಲ್ಲ. ಅದು ನೆಮ್ಮದಿಯಾಗಿ ಸೇತುವೆಯ ವಿನ್ಯಾಸವನ್ನೋ ಹವಾಮಾನದ ಲೆಕ್ಕವನ್ನೋ ಮಾಡುತ್ತಿರುತ್ತದೆ.

ಪೆಟ್ಟಿಗೆಗೆ ಹೇಳಲೇಬೇಕಾದದ್ದು ವಿಂಡೊದ ಜಾಗ ಮತ್ತು ಅಳತೆ. ದೊಡ್ಡ ಚಿತ್ರವನ್ನು ಚಿಕ್ಕ ವಿಂಡೊಗೆ ಇಳಿಸಲು ಕೆಲವು ಚುಕ್ಕಿ, ಕೆಲವು ಗೆರೆಗಳನ್ನು ಬಿಟ್ಟುಬಿಡಬೇಕು. ಹಿಗ್ಗಿಸಲು ಒಂದೇ ಚುಕ್ಕಿಯನ್ನು ಎರಡೆರಡು ಸಲ ಹಾಕಬೇಕು. ಈ ಮಾಹಿತಿ ಬೇರೆ ತಂತಿಯ ಮೂಲಕ ಹೋಗುತ್ತಿದ್ದುದರಿಂದ ವಿಂಡೊವನ್ನು ರಭಸವಾಗಿ ಎಳೆದರೆ ಚಿತ್ರ ಒಂದು ಕ್ಷಣ ಹಿಂದೆ ಬಿದ್ದು, ಆಮೇಲೆ ಓಡಿಬಂದು ಕೂರುವುದಿತ್ತು. ಇನ್ನೊಂದು ತೊಡಕೂ ಇತ್ತು. ಬೇರೆ ಯಾವುದಾದರೂ ಚಿತ್ರದಲ್ಲಿ ಅದೇ ಕಡುಗುಲಾಬಿ ಇದ್ದರೆ ಅಲ್ಲಿಯೂ ವಿಡಿಯೊ ಇಣುಕುತ್ತಿತ್ತು. ಅದಕ್ಕೇ ಕೆಲವು ವಿನ್ಯಾಸಗಳು ಬಣ್ಣವನ್ನು ಬಿಟ್ಟು, ಪ್ರತಿ ಚುಕ್ಕಿಗೆ ಒಂದು ಬಿಟ್‌ನಂತೆ ಪ್ರತ್ಯೇಕ ಗುರುತಿನ ಮೆಮೊರಿ ಇಟ್ಟವು.

ಈಗ ಸ್ಕ್ರೀನ್‌ಶಾಟಿನ ಮಾತು. ಅಂಥ ವರ್ಕ್‌ಸ್ಟೇಷನ್ನಿನಲ್ಲಿ ಪರದೆಯ ನಕಲು ತೆಗೆದರೆ ಸಿಗುವುದು ಫ್ರೇಮ್ ಬಫರಿನಲ್ಲಿ ಇರುವುದು, ಅಂದರೆ ಗುಲಾಬಿ ಚೌಕ. ವಿಡಿಯೊ ಸೇರಿದ್ದು ಅದಾದ ಮೇಲೆ, ಕೇಬಲ್ಲಿನಲ್ಲಿ. 2000ದ ದಶಕದ ವಿಂಡೋಸ್ ಪಿಸಿಗಳಲ್ಲೂ ಇದೇ ಏರ್ಪಾಡು ಗ್ರಾಫಿಕ್ಸ್ ಕಾರ್ಡಿನೊಳಗೆ ಇತ್ತು. ಓಡುತ್ತಿರುವ ಸಿನಿಮಾದ ಸ್ಕ್ರೀನ್‌ಶಾಟನ್ನು ಪೇಂಟ್‌ಗೆ ಅಂಟಿಸಿದರೆ, ಆ ‘ಫೋಟೊ’ದೊಳಗೆ ಸಿನಿಮಾ ಓಡುತ್ತಲೇ ಇರುತ್ತಿತ್ತು! ಪೇಂಟ್ ವಿಂಡೊವನ್ನು ಅತ್ತಿತ್ತ ಸರಿಸಿದರೆ ಚಿತ್ರ ಮಾಯವಾಗಿ ಬರೀ ಬಣ್ಣ ಉಳಿಯುತ್ತಿತ್ತು. ಅಂಟಿಸಿದ್ದು ಗುರುತಿನ ಬಣ್ಣವನ್ನು. ಕಾರ್ಡು ಆ ಬಣ್ಣ ಕಂಡಲ್ಲಿ ಸಿನಿಮಾ ತುಂಬುತ್ತಿತ್ತು. ಇಂದಿನ ಒಟಿಟಿ ಆ್ಯಪ್‌ಗಳ ಕಪ್ಪು ಚೌಕ ಬೇಕೆಂದೇ ಮಾಡಿದ್ದು: ಬೀಗ ಬಿಚ್ಚಿದ ಚಿತ್ರವನ್ನು ಬೇರೆ ಪ್ರೋಗ್ರಾಂಗಳು ಓದಲಾಗದ ಮೆಮೊರಿಯಲ್ಲಿಟ್ಟು ನೇರ ಪರದೆಗೆ ಕಳಿಸುತ್ತಾರೆ. ಬೀಗ ಹೊಸದು, ಬಾಗಿಲು ಹಳೆಯದು.

ಪೆಟ್ಟಿಗೆಯಿಂದ ಕಾರ್ಡಿಗೆ

ಹೊರಗಿನ ಪೆಟ್ಟಿಗೆಯ ಕೆಲಸವನ್ನು ಯಂತ್ರದೊಳಗಿನ ಕಾರ್ಡಿಗೆ ತಂದವರಲ್ಲಿ ಪ್ಯಾರಲಾಕ್ಸ್ ಗ್ರಾಫಿಕ್ಸ್ ಒಂದು ಹೆಸರು. ಇವರ ಕಾರ್ಡು ವಿಡಿಯೊವನ್ನು ಫ್ರೇಮ್ ಬಫರಿಗೇ ಬರೆಯುತ್ತಿತ್ತು, ಆದರೆ ಪ್ರೊಸೆಸರ್‌ನ ಕೈಯಿಂದಲ್ಲ, ತನ್ನದೇ ಸರ್ಕ್ಯೂಟಿನಿಂದ. ಇದು ಸಾಧ್ಯವಾಗಲು ಮೆಮೊರಿ ಚಿಪ್‌ಗಳೂ ಬದಲಾಗಬೇಕಿತ್ತು. ಸಾಮಾನ್ಯ ಚಿಪ್‌ನಲ್ಲಿ ಒಂದು ಹೊತ್ತಿಗೆ ಒಬ್ಬರು ಮಾತ್ರ ಓದಬಹುದು ಅಥವಾ ಬರೆಯಬಹುದು. ಪರದೆಗಾಗಿ ಓದುವ ಕೆಲಸವೇ ಅದರ ಬಹುಪಾಲು ಸಮಯವನ್ನು ನುಂಗುತ್ತದೆ. ಐಬಿಎಂನಲ್ಲಿ 1980ರ ಸುಮಾರಿಗೆ ರೂಪುಗೊಂಡ ವಿಡಿಯೊ ರ್‍ಯಾಮ್ ಎಂಬ ಚಿಪ್‌ಗೆ ಎರಡು ಬಾಯಿ: ಒಂದರಿಂದ ಪರದೆಗೆ ಸಾಲುಸಾಲಾಗಿ ಚುಕ್ಕಿಗಳು ಹೋಗುತ್ತಿರುವಾಗಲೇ ಇನ್ನೊಂದರಿಂದ ಹೊಸದನ್ನು ಬರೆಯಬಹುದು.

ಇದನ್ನೆಲ್ಲ ಜನ ಬಳಸಿದ್ದು ಯಾತಕ್ಕೆ? ಎಂಐಟಿಯಲ್ಲಿ 1983ರಲ್ಲಿ ಡಿಜಿಟಲ್ ಮತ್ತು ಐಬಿಎಂ ನೆರವಿನಿಂದ ಶುರುವಾದ ಅಥೀನಾ ಯೋಜನೆ ಒಳ್ಳೆಯ ಉದಾಹರಣೆ. ವಿದ್ಯಾರ್ಥಿಗಳ ಕಲಿಕೆಗೆ ವರ್ಕ್‌ಸ್ಟೇಷನ್‌ಗಳನ್ನು ಒದಗಿಸುವುದು ಅದರ ಉದ್ದೇಶ. ಎಕ್ಸ್ ವಿಂಡೊ ಬೆಳೆದದ್ದೂ ಅಲ್ಲೇ. ಆ ಯೋಜನೆಯ ದೃಶ್ಯ ವರ್ಕ್‌ಸ್ಟೇಷನ್‌ಗಳಲ್ಲಿ ಪ್ಯಾರಲಾಕ್ಸ್ ಕಾರ್ಡುಗಳಿದ್ದವು, ಪಕ್ಕದಲ್ಲಿ ಲೇಸರ್ ಡಿಸ್ಕ್ ಪ್ಲೇಯರ್. ಫ್ರೆಂಚ್ ಕಲಿಯುವ ವಿದ್ಯಾರ್ಥಿ ಒಂದು ವಿಂಡೊದಲ್ಲಿ ಪ್ಯಾರಿಸ್‌ನಲ್ಲಿ ಚಿತ್ರೀಕರಿಸಿದ ದೃಶ್ಯ ನೋಡುತ್ತಾ, ಪಕ್ಕದ ವಿಂಡೊದಲ್ಲಿ ಸಂಭಾಷಣೆಯ ಪಠ್ಯ ಓದಬಹುದಿತ್ತು. ಲೇಸರ್ ಡಿಸ್ಕಿನ ಒಂದು ಬದಿಯಲ್ಲಿ 54,000 ಚಿತ್ರಗಳು, ಸುಮಾರು ಅರ್ಧ ಗಂಟೆಯ ವಿಡಿಯೊ. ಪ್ರತಿ ಚಿತ್ರಕ್ಕೂ ಒಂದು ಸಂಖ್ಯೆ. ಇಷ್ಟನೆಯ ಚಿತ್ರಕ್ಕೆ ಹೋಗು, ಅಲ್ಲಿಂದ ಓಡಿಸು, ನಿಲ್ಲಿಸು ಎಂಬ ಪುಟ್ಟ ಆದೇಶಗಳನ್ನಷ್ಟೇ ಕಂಪ್ಯೂಟರ್ ಕಳಿಸುತ್ತಿತ್ತು. ದೃಶ್ಯವೆಲ್ಲ ಬೇರೆ ಕೇಬಲ್ಲಿನಲ್ಲಿ ಹರಿದು ಕಾರ್ಡಿಗೆ ಬರುತ್ತಿತ್ತು.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಆಂಡಿ ಹಾಪರ್ ನೇತೃತ್ವದ ಒಲಿವೆಟ್ಟಿ ಪ್ರಯೋಗಾಲಯ 1990ರ ಸುಮಾರಿಗೆ ಇದನ್ನು ಇನ್ನಷ್ಟು ಮುಂದಕ್ಕೆ ಒಯ್ದಿತು. ಪಂಡೋರಾ ಎಂಬ ಅವರ ಪೆಟ್ಟಿಗೆಯೊಳಗೆ ಟ್ರಾನ್ಸ್‌ಪ್ಯೂಟರ್ ಎಂಬ ಹಲವು ಪ್ರೊಸೆಸರ್‌ಗಳಿದ್ದವು. ಕ್ಯಾಮೆರಾ, ಮೈಕು, ನೆಟ್‌ವರ್ಕ್ ಎಲ್ಲವನ್ನೂ ಅದೇ ನೋಡಿಕೊಂಡು ವರ್ಕ್‌ಸ್ಟೇಷನ್ನಿನ ಪರದೆಗೆ ವಿಡಿಯೊ ಬೆರೆಸುತ್ತಿತ್ತು. ಅಕ್ಕಪಕ್ಕದ ಕೋಣೆಯವರು ಪರದೆಯ ಮೇಲೆ ಮುಖ ನೋಡಿ ಮಾತಾಡಿದರು. ಅದಕ್ಕೆ ಮಾಮೂಲಿ ಈಥರ್‌ನೆಟ್ ಸಾಲದೆ ತಮ್ಮದೇ ವೇಗದ ನೆಟ್‌ವರ್ಕ್ ಬಳಸಬೇಕಾಯಿತು.

256 ಬಣ್ಣಗಳ ಇಕ್ಕಟ್ಟು

ವಿಡಿಯೊವನ್ನು ಫ್ರೇಮ್ ಬಫರಿಗೇ ಬರೆಯಹೊರಟವರಿಗೆ ಎದುರಾದ ತೊಂದರೆ ಇದು. ಆಗಿನ ಬಹುಪಾಲು ವರ್ಕ್‌ಸ್ಟೇಷನ್‌ಗಳಲ್ಲಿ ಚುಕ್ಕಿಗೆ ಎಂಟೇ ಬಿಟ್. ಆ ಎಂಟು ಬಿಟ್‌ಗಳು ನೇರವಾಗಿ ಬಣ್ಣವನ್ನು ಹೇಳುತ್ತಿರಲಿಲ್ಲ. 256 ಬಣ್ಣಗಳ ಒಂದು ಪಟ್ಟಿಯಲ್ಲಿ ಎಷ್ಟನೆಯದು ಎಂದು ಹೇಳುತ್ತಿದ್ದವು. ಪಟ್ಟಿ ಇಡೀ ಪರದೆಗೆ ಒಂದೇ. ಮುಖದ ಮೇಲಿನ ನೆರಳು ಬೆಳಕಿಗೇ ನೂರಾರು ಛಾಯೆಗಳು ಬೇಕಿರುವಾಗ ಉಳಿದ ವಿಂಡೊಗಳು ಏನು ಮಾಡಬೇಕು? ಒಂದು ಪ್ರೋಗ್ರಾಂ ತನಗೆ ಬೇಕಾದ ಪಟ್ಟಿಯನ್ನು ಹಾಕಿಕೊಂಡರೆ, ಮೌಸ್ ಆ ವಿಂಡೊಗೆ ಹೋದಾಗಲೆಲ್ಲ ಮಿಕ್ಕ ವಿಂಡೊಗಳು ಹಸಿರು, ನೇರಳೆ, ಕಿತ್ತಳೆ ಎಂದು ಹುಚ್ಚು ಬಣ್ಣಗಳಿಗೆ ತಿರುಗುತ್ತಿದ್ದವು. ಹೊರಗೆ ತಂದಾಗ ಅವು ಸರಿಹೋಗಿ ವಿಡಿಯೊ ಕೆಡುತ್ತಿತ್ತು. ಬಹಳ ಕಡೆ ಕಪ್ಪು ಬಿಳುಪಿಗೇ ತೃಪ್ತಿಪಟ್ಟರು. ಅಥವಾ ಇರುವ ಕೆಲವೇ ಬಣ್ಣಗಳ ಚುಕ್ಕಿಗಳನ್ನು ಒತ್ತೊತ್ತಾಗಿ ಬೆರೆಸಿ ಇಲ್ಲದ ಬಣ್ಣದ ಭ್ರಮೆ ಹುಟ್ಟಿಸಿದರು.

ನೆಟ್‌ವರ್ಕಿಗೆ ಇಳಿದಾಗ

ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದ ಕಾಫಿ ಪಾತ್ರೆಯ ಕಥೆ ಇಂಟರ್‌ನೆಟ್ಟಿನ ಪುರಾಣಗಳಲ್ಲಿ ಸೇರಿಹೋಗಿದೆ. 1991ರಲ್ಲಿ ಅಲ್ಲಿನ ಸಂಶೋಧಕರು ಟ್ರೋಜನ್ ಕೋಣೆಯ ಕಾಫಿ ಯಂತ್ರದತ್ತ ಕ್ಯಾಮೆರಾ ತಿರುಗಿಸಿ, ಪಾತ್ರೆಯಲ್ಲಿ ಕಾಫಿ ಉಳಿದಿದೆಯೇ ಎಂದು ತಮ್ಮ ಮೇಜಿನಿಂದಲೇ ನೋಡುವ ಏರ್ಪಾಡು ಮಾಡಿಕೊಂಡರು. ಪಾಲ್ ಜಾರ್ಡೆಟ್ಸ್ಕಿ ಚಿತ್ರ ಹಿಡಿಯುವ ಪ್ರೋಗ್ರಾಂ ಬರೆದರು, ಕ್ವೆಂಟಿನ್ ಸ್ಟಾಫರ್ಡ್-ಫ್ರೇಸರ್ ಅದನ್ನು ಎಕ್ಸ್ ವಿಂಡೊದಲ್ಲಿ ತೋರಿಸುವ ಪ್ರೋಗ್ರಾಂ ಬರೆದರು. ವೆಬ್ಬಿಗೆ ಅದು ಬಂದದ್ದು 1993ರಲ್ಲಿ.

ಈ ಕಥೆಯನ್ನು ತಮಾಷೆಗೆ ಹೇಳುವುದೇ ಹೆಚ್ಚು. ಅದರಲ್ಲಿರುವ ಲೆಕ್ಕವನ್ನು ಯಾರೂ ಗಮನಿಸುವುದಿಲ್ಲ. ಚಿತ್ರದ ಅಳತೆ 128ಕ್ಕೆ 128 ಚುಕ್ಕಿ, ಬರೀ ಕಪ್ಪು ಬಿಳುಪು, ನಿಮಿಷಕ್ಕೆ ಮೂರು ಚಿತ್ರದಂತೆ. ಚುಕ್ಕಿಗೊಂದು ಬೈಟ್ ಎಂದರೂ ನಿಮಿಷಕ್ಕೆ 50,000 ಬೈಟ್ ಆಗುವುದಿಲ್ಲ. ಹಿಂದೆ ನೋಡಿದ ಪೂರ್ಣ ವಿಡಿಯೊ ಅಷ್ಟನ್ನು ಎರಡು ಮಿಲಿಸೆಕೆಂಡು ಚಿಲ್ಲರೆಯಲ್ಲಿ ದಾಟುತ್ತದೆ. ವಿಶೇಷ ಕಾರ್ಡಿಲ್ಲದೆ ಎಲ್ಲರ ಪರದೆಗೂ ಚಿತ್ರ ತಲುಪಬೇಕೆಂದರೆ ಕೈಬಿಡಬೇಕಾದದ್ದು ಅಷ್ಟು.

ಎಲ್ಲ ಚುಕ್ಕಿಗಳನ್ನೂ ಕಳಿಸುವ ಬದಲು ಬದಲಾದ ಭಾಗವನ್ನಷ್ಟೇ ಕಳಿಸಿದರೆ ಸಾಕಲ್ಲ ಎಂಬ ಯೋಚನೆ ಇದಕ್ಕಿಂತ ಉತ್ತಮ ಫಲ ಕೊಟ್ಟಿತು. ಜೆರಾಕ್ಸ್ ಪಾರ್ಕ್‌ನ ರಾನ್ ಫ್ರೆಡರಿಕ್ 1992ರಲ್ಲಿ ಬರೆದ ಎನ್‌ವಿ ಎಂಬ ಪ್ರೋಗ್ರಾಂ ಚಿತ್ರವನ್ನು ಸಣ್ಣ ಚೌಕಗಳಾಗಿ ಒಡೆದು, ಅಲುಗಾಡಿದ ಚೌಕಗಳನ್ನು ಮಾತ್ರ ಕುಗ್ಗಿಸಿ ಕಳಿಸುತ್ತಿತ್ತು. ಮಾತಾಡುವ ಮನುಷ್ಯನ ಹಿಂದಿನ ಗೋಡೆ ಪದೇ ಪದೇ ಪ್ರಯಾಣ ಮಾಡಬೇಕಾಗಿರಲಿಲ್ಲ. ಸೆಕೆಂಡಿಗೆ ಕೆಲವೇ ಚಿತ್ರಗಳು ಬಂದರೂ ಸಮ್ಮೇಳನಗಳ ಭಾಷಣಗಳು, ನಾಸಾದ ಬಾಹ್ಯಾಕಾಶ ಯಾನಗಳ ದೃಶ್ಯಗಳು ಇಂಟರ್‌ನೆಟ್ ಮೂಲಕ ಖಂಡಾಂತರ ದಾಟಿ ವರ್ಕ್‌ಸ್ಟೇಷನ್‌ಗಳ ವಿಂಡೊಗಳಿಗೆ ಬಂದವು. ಇಂದಿನ ಎಲ್ಲ ವಿಡಿಯೊ ಕರೆಗಳ ಬುನಾದಿಯಲ್ಲಿ ಇದೇ ಯೋಚನೆಯ ಬೆಳೆದ ರೂಪ ಇದೆ.

ವಿಡಿಯೊ ಒಳಗೆ ಬಂದದ್ದು

1993ರ ಜುಲೈಯಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಇಂಡಿ ಎಂಬ ಯಂತ್ರವನ್ನು ಮಾರಾಟಕ್ಕಿಟ್ಟಾಗ ಅದರ ಮಾನಿಟರಿನ ತಲೆಯ ಮೇಲೆ ಕೂರುವ ಪುಟ್ಟ ಡಿಜಿಟಲ್ ಕ್ಯಾಮೆರಾವನ್ನೂ ಜೊತೆಗೇ ಕೊಟ್ಟಿತು. ವಿಡಿಯೊ ಒಳಬರುವ ಸೌಕರ್ಯ ಯಂತ್ರದಲ್ಲೇ ಇತ್ತು, ಪ್ರತ್ಯೇಕ ಪೆಟ್ಟಿಗೆ ಕೊಳ್ಳಬೇಕಾಗಿರಲಿಲ್ಲ. 1994ರಲ್ಲಿ ಬಂದ ಎಚ್‌ಪಿ 712 ವರ್ಕ್‌ಸ್ಟೇಷನ್ನಿನ ಪ್ರೊಸೆಸರ್‌ನಲ್ಲಿ ವಿಡಿಯೊಗೆಂದೇ ಕೆಲವು ವಿಶೇಷ ಸೂಚನೆಗಳಿದ್ದವು: ಒಂದೇ ಏಟಿಗೆ ಎರಡು ಜೋಡಿ ಅಂಕಿಗಳನ್ನು ಒಟ್ಟಿಗೆ ಕೂಡುವಂಥವು. ಅದರ 80 ಮೆಗಾಹರ್ಟ್ಸ್ ಮಾದರಿ ಯಾವ ಹೆಚ್ಚುವರಿ ಕಾರ್ಡಿನ ಹಂಗೂ ಇಲ್ಲದೆ, ಎಂಪೆಗ್ ಎಂಬ ಪದ್ಧತಿಯಲ್ಲಿ ಕುಗ್ಗಿಸಿದ 352ಕ್ಕೆ 240 ಚುಕ್ಕಿಗಳ ವಿಡಿಯೊವನ್ನು ಸೆಕೆಂಡಿಗೆ ಸುಮಾರು 30 ಚಿತ್ರಗಳ ವೇಗದಲ್ಲಿ ಬಿಚ್ಚಿ ತೋರಿಸಿತು. ಸನ್ 1995ರಲ್ಲಿ, ಇಂಟೆಲ್ 1997ರಲ್ಲಿ ತಮ್ಮ ಪ್ರೊಸೆಸರ್‌ಗಳಿಗೂ ಇಂಥ ಸೂಚನೆಗಳನ್ನು ಸೇರಿಸಿ ಅದೇ ಹಾದಿ ತುಳಿದವು. ಪಿಸಿಗಳು ವೇಗವಾದ ಹಾಗೆ ಪ್ರತ್ಯೇಕ ವಿಡಿಯೊ ಪೆಟ್ಟಿಗೆಗಳ ಮಾರುಕಟ್ಟೆ ಕಚೇರಿ ಮೇಜುಗಳಿಂದ ಮಾಯವಾಗಿ, ಹತ್ತಾರು ಕ್ಯಾಮೆರಾಗಳನ್ನು ಒಂದೇ ಗೋಡೆಯಲ್ಲಿ ನೋಡುವ ನಿಯಂತ್ರಣ ಕೊಠಡಿಗಳಿಗೆ ಸೀಮಿತವಾಯಿತು.

ಪ್ರೊಸೆಸರ್‌ಗೆ ಶಕ್ತಿ ಬಂದ ಮೇಲೆ ಹಳೆಯ ಉಪಾಯ ಮೂಲೆಗೆ ಸೇರಬೇಕಿತ್ತು. ಸೇರಲಿಲ್ಲ, ಏಕೆಂದರೆ ಕಂಪ್ಯೂಟರ್ ಜೇಬಿಗೆ ಇಳಿಯಿತು. ಪ್ರತಿ ಚಿತ್ರವನ್ನೂ ಮೆಮೊರಿಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡಿ, ಬಟನ್‌ಗಳ ಜೊತೆ ಬೆರೆಸಿ, ಮತ್ತೆ ಬರೆಯುವುದಕ್ಕೆ ವಿದ್ಯುತ್ ಬೇಕು. ಫೋನಿನ ಚಿಪ್‌ನಲ್ಲಿ ಪರದೆಯನ್ನು ನೋಡಿಕೊಳ್ಳುವ ಭಾಗ ಹಲವು ಪದರಗಳನ್ನು ಬೇರೆ ಬೇರೆ ಮೆಮೊರಿಗಳಿಂದ ಓದಿ, ಚುಕ್ಕಿಗಳು ಪರದೆಗೆ ಹೋಗುವ ಹೊತ್ತಿನಲ್ಲೇ ಬೆರೆಸಬಲ್ಲದು. ಆಂಡ್ರಾಯ್ಡ್‌ನಲ್ಲಿ ಆ್ಯಪ್ ಬರೆಯುವವರು ವಿಡಿಯೊಗಾಗಿ ಬಳಸುವ ಸರ್ಫೇಸ್‌ವ್ಯೂ ಎಂಬ ಭಾಗದ ಕೈಪಿಡಿ, ಅದು ತನ್ನ ವಿಂಡೊದಲ್ಲಿ ತೂತು ಕೊರೆಯುತ್ತದೆ ಎಂದೇ ವಿವರಿಸುತ್ತದೆ. ಬಟನ್‌ಗಳಿರುವ ಪದರ ಮೇಲೆ, ಅದರಲ್ಲೊಂದು ಪಾರದರ್ಶಕ ಚೌಕ, ಕೆಳಗಿನ ಪದರದಲ್ಲಿ ವಿಡಿಯೊ. ಗ್ರಾಫಿಕ್ಸ್ ಚಿಪ್‌ಗೆ ಆ ಚಿತ್ರವನ್ನು ಮುಟ್ಟುವ ಕೆಲಸ ಬೀಳುವುದಿಲ್ಲ, ಹಾಗಾಗಿ ಎರಡು ಗಂಟೆಯ ಸಿನಿಮಾ ಮುಗಿಯುವ ಹೊತ್ತಿಗೆ ಬ್ಯಾಟರಿಯಲ್ಲಿ ಒಂದಿಷ್ಟು ಹೆಚ್ಚು ಉಳಿದಿರುತ್ತದೆ.